ಮಾತಿನ ಕ್ಯಾಸೆಟ್ಟು

ಕ್ಯಾಸೆಟ್ಟು ನಿನ್ನೆ ಸಂಜೆಯಿಂದ ಮೇಜಿನ ಮೇಲೆಯೇ ಇತ್ತು. ಜಾಫರಸಾಬ ಅದನ್ನು ಮುಟ್ಟಿರಲಿಲ್ಲ. ಇಳಕಲ್ಲಿನಿಂದ ತರಬೇತಿಗೆಂದು ನವನಗರಕ್ಕೆ ಬಂದಿದ್ದ ಖುಶನುಮಾ ಟೀಚರು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು, ಗಂಟು ಬಿಚ್ಚಿ, 'ಅಬ್ಬಾನ ಧ್ವನಿ ಐತಂತ್ರಿ ಚಾಚಾ ಇದರಾಗ. ನಾ ಹುಟ್ಟಿ ಮೂವತ್ತೆರಡ ವರ್ಷಾತು, ಒಮ್ಮೆನೂ ಕೇಳಿಲ್ಲ. ನನ್ನ ಮೊಬೈಲಿಗೆ ಹಾಕ್ಕೊಡ್ರಿ' ಎಂದಾಗ ಅವನು 'ಆಗ್ಲಿ ತಾಯಿ, ಅಲ್ಲಿಡು' ಎಂದು ಬೆರಳಿನಿಂದ ಮೇಜು ತೋರಿಸಿದ್ದನೇ ಹೊರತು ಕೈ ಚಾಚಿರಲಿಲ್ಲ. ಆಗಲೇ ಹಚ್ಚಿಬಿಡುತ್ತಾನೇನೋ ಎಂಬ ಆಸೆ ಹುಡುಗಿಯ ಕಣ್ಣಲ್ಲಿತ್ತು. ಅವನು ಹಳೇ ಕ್ಯಾಸೆಟ್ಟು, ಮೊದಲು ಒರೆಸಬೇಕು, ಬಿಸಿಲಿಗೆ ಹಿಡಿಯಬೇಕು ಎಂದು ಏನೇನೋ ಹೇಳಿದ. 'ಹಂಗಾರ ನಾಳಿ ಮಧ್ಯಾಹ್ನ ಜುಹರ್ ನಮಾಜ್ ಆದಮ್ಯಾಲೆ ಅಮ್ಮಿನ್ನೂ ಕರ್ಕೊಂಡ ಬರ್ತೇನ್ರಿ, ಇಬ್ಬರೂ ಕೂಡೇ ಕೇಳ್ತೀವಿ' ಎಂದು ಆಕೆ ಎದ್ದಳು. ಅಮ್ಮಿ ಅಂದರೆ ನರ್ಗೀಸ, ಸತ್ತ ಗೆಳೆಯ ಅರ್ಷದನ ಹೆಂಡತಿ. ಇವತ್ತು ಮುಂಜಾನೆ ಹಲ್ಲುಜ್ಜುವಾಗ, ಚಹಾ ಕುಡಿಯುವಾಗ, ಅಂಗಡಿಯ ಕದ ತೆರೆಯುವಾಗ, ಎತ್ತ ಮುಖ ಮಾಡಿದರೂ ಆ ಕ್ಯಾಸೆಟ್ಟೇ ಕಾಣುತ್ತಿತ್ತು. ಅಂಗಡಿಯೆಂದರೆ ಬೇರೇನಲ್ಲ, ಮನೆಯ ಮುಂದಿನ ಕೋಣೆಯೇ. ಒಂದು ಝೆರಾಕ್ಸ್ ಯಂತ್ರ, ಒಂದು ಕಂಪ್ಯೂಟರು, ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟ ಹಳೇ ಟೇಪ್ ರೆಕಾರ್ಡರು. ಹೆಂಡತಿ ರಂಜಾನಬಿ ಕಸಬರಿಗೆ ಹಿಡಿದು ಒಳಗಿನಿಂದ ಬಂದವಳು ನಿಂತು ನೋಡಿದಳು. 'ಹಂಗ ಕಣ್ಣ ಪಿಳಕಿಸದ ನೋಡಕೋತ ಕುಂತ್ರ ಅದು ತಾನ ಮಾತಾಡ್ತೈತೇನ್ರಿ?' ಎಂದಳು. ಅವನು ಕಾಲು ಮೇಲೆತ್ತಿಕೊಂಡ. ಆಕೆ ಕುರ್ಚಿಯ ಕೆಳಗಿನ ಕಸ ತೆಗೆದುಕೊಂಡು ಹೋದಳು.

ಮೊಬೈಲು ಗುಂಯ್ಗುಟ್ಟಿತು. 'ಹಳೇ ಬಾಗಲಕೋಟಿ ಗೆಳೆಯರು' ಎಂಬ ಗುಂಪಿನಲ್ಲಿ ಕಾಶಪ್ಪ ದಿನದ ಪಾಠ ಶುರು ಮಾಡಿದ್ದ. ಕಾಶಪ್ಪ ಚಿಕ್ಕಂದಿನ ಗೆಳೆಯ. ಜವಳಿ ಅಂಗಡಿಯನ್ನು ಮಗನಿಗೆ ವಹಿಸಿಕೊಟ್ಟ ಮೇಲೆ ಅವನಿಗಿರುವ ಉದ್ಯೋಗವೆಂದರೆ ಬೆಳಗೆದ್ದು ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿ, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋದ ಊರನ್ನು ಮೊಬೈಲಿನಲ್ಲಿ ಮೇಲೆತ್ತುವುದು. ಇವತ್ತು ಸೈಕಲ್ಲಿನ ಚಿತ್ರ ಹಾಕಿ ಕೆಳಗೆ ಬರೆದಿದ್ದ: 'ಆಗ ಕೈಯಾಗ ಮೊಬೈಲ್ ಇರಲಿಲ್ಲ, ಎದಿಯಾಗ ಮನಸ್ಸಿತ್ತು.' ಅದಕ್ಕೆ ಇಪ್ಪತ್ತೆರಡು ಮಂದಿ ಕೈ ಮುಗಿದಿದ್ದರು. ಮನಸ್ಸಿತ್ತು, ಖರೆ. ಎಂಥ ಮನಸ್ಸು ಎಂದು ಯಾರಾದರೂ ಕೇಳುತ್ತಾರೆಯೆ? ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತಾರೆ. ಈ ಬೆಟ್ಟವಂತೂ ನೀರಲ್ಲಿ ಮುಳುಗಿದೆ, ಅದರ ಕಲ್ಲುಮುಳ್ಳು ಕಾಣುವುದಾದರೂ ಹೇಗೆ. ಹೋದ ತಿಂಗಳು ಕಾಲೇಜು ಹುಡುಗಿಯೊಬ್ಬಳು ಬಂದು ಅವನ ಟೇಪಿನ ಮುಂದೆ ನಿಂತು ವಿಡಿಯೋ ಮಾಡಿಕೊಂಡು ಹೋಗಿದ್ದಳು. 'ಅಂಕಲ್, ಒಂಚೂರು ಆ ಗುಂಡಿ ಒತ್ತಿ ತೋರಸ್ರಿ, ಟಕ್ ಅನ್ನೂ ಸಪ್ಪಳ ಬೇಕು' ಎಂದು ಅವನಿಂದ ಏಳೆಂಟು ಸಲ ಒತ್ತಿಸಿದ್ದಳು. ಅವನು ಒತ್ತಿದ್ದ. ಹಲ್ಲು ಕಿರಿದೂ ಇದ್ದ. ಅದನ್ನು ಸಾವಿರಾರು ಜನ ನೋಡಿದರಂತೆ. ತಾನು ಗುಂಡಿ ಒತ್ತುವುದನ್ನು ಸಾವಿರ ಮಂದಿ ನೋಡಿದರು ಎಂದು ನೆನೆದರೆ ಈಗಲೂ ಬೆವರು ಬರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ಆ ರಾತ್ರಿ ಊಟಕ್ಕೆ ಕೂತಾಗ ಬಲಗೈ ಹೆಬ್ಬೆರಳನ್ನು ಎರಡೆರಡು ಸಲ ತೊಳೆದುಕೊಂಡಿದ್ದ.

ಅವನ ಅಂಗಡಿ ಆಗ ಹಳೇ ಊರಿನ ಕಿಲ್ಲಾ ಓಣಿಯ ಬಾಯಲ್ಲಿತ್ತು. ನಾಲ್ಕು ಮೊಳ ಅಗಲ. ಮಂದಿ ಹಾಳೆಯ ಮೇಲೆ ಹಾಡುಗಳ ಪಟ್ಟಿ ಬರೆದು ಕೊಡುತ್ತಿದ್ದರು, ಅವನು ಖಾಲಿ ಕ್ಯಾಸೆಟ್ಟಿಗೆ ಒಂದೊಂದಾಗಿ ತುಂಬಿಸಿ ಕೊಡುತ್ತಿದ್ದ. ಕೊಡುವ ಮೊದಲು ಕ್ಯಾಸೆಟ್ಟಿನ ಬೆನ್ನಿಗಿರುವ ಎರಡು ಪುಟ್ಟ ಚಿಪ್ಪುಗಳನ್ನು ಉಗುರಿನಿಂದ ಮುರಿಯುತ್ತಿದ್ದ. ಅವು ಮುರಿದರೆ ಅದರ ಮೇಲೆ ಇನ್ನೊಂದು ರೆಕಾರ್ಡು ಕೂರುವುದಿಲ್ಲ. ಆದರೆ ಮಾತಿನ ಕ್ಯಾಸೆಟ್ಟಿಗೆ ಮಾತ್ರ ಚಿಪ್ಪು ಮುರಿಯುವ ಹಾಗಿರಲಿಲ್ಲ. ಓಣಿಯ ಹತ್ತಾರು ಗಂಡಸರು ಅರಬಸ್ತಾನಕ್ಕೆ ದುಡಿಯಲು ಹೋಗಿದ್ದರು. ಟ್ರಂಕಾಲಿನಲ್ಲಿ ಹಲೋ ಹಲೋ ಅನ್ನುವುದರಲ್ಲೇ ಮೂರು ನಿಮಿಷ ಮುಗಿಯುತ್ತಿತ್ತು. ಕಾಗದ ಬರೆದರೆ ಓದಲು ಇನ್ನೊಬ್ಬರು ಬೇಕು. ಅದಕ್ಕೇ ಅವರು ತಮ್ಮ ಮಾತನ್ನೇ ಕ್ಯಾಸೆಟ್ಟಿಗೆ ತುಂಬಿ, ರಜೆಯಲ್ಲಿ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಒಂದು ಮಗ್ಗಲು ಅಲ್ಲಿಯವರದು, ಇನ್ನೊಂದು ಮಗ್ಗಲು ಇಲ್ಲಿಯವರದು. ಜಾಫರಸಾಬ ಟೇಪು ಹೊತ್ತು ಮನೆಮನೆಗೆ ಹೋಗಿ ಹಚ್ಚುತ್ತಿದ್ದ, ಮನೆಮಂದಿಯ ಉತ್ತರ ತುಂಬಿಸುತ್ತಿದ್ದ. ಅದೇ ಕ್ಯಾಸೆಟ್ಟು ಮತ್ತೆ ಹೋಗುವವರ ಕೈಯಲ್ಲಿ ಹೋಗುತ್ತಿತ್ತು. ಅಲ್ಲಿ ಹಳೇ ಮಾತಿನ ಮೇಲೆ ಹೊಸ ಮಾತು ತುಂಬಿಕೊಂಡು ಬರುತ್ತಿತ್ತು. ಯಾರೂ ಹಳೆಯದು ಅಳಿಯಿತು ಎಂದು ಕೊರಗುತ್ತಿರಲಿಲ್ಲ. ಹೊಸದು ಬರುತ್ತದಲ್ಲ.

ಅರ್ಷದ ಅರಬಸ್ತಾನದ ದಮ್ಮಾಮಿನಲ್ಲಿ ಲಾರಿ ಓಡಿಸುತ್ತಿದ್ದ. ಅವನ ಕ್ಯಾಸೆಟ್ಟು ಬಂತೆಂದರೆ ಮನೆ ತುಂಬ ಜನ. ಅಪ್ಪ ಲಾಡಸಾಬ ಮಂಚದ ಮೇಲೆ, ತಾಯಿ ಟೇಪಿನ ಎದುರಿಗೆ, ಓಣಿಯ ಹೆಂಗಸರು ಪಡಸಾಲೆಯಲ್ಲಿ. ಮದುವೆಯಾಗಿ ಒಂದೂವರೆ ವರ್ಷವೂ ತುಂಬಿರದ ನರ್ಗೀಸ ಅಡುಗೆಮನೆಯ ಪರದೆಯ ಹಿಂದೆ. ಅರ್ಷದ ಮೊದಲು ಅಪ್ಪನಿಗೆ, ಆಮೇಲೆ ತಾಯಿಗೆ, ಆಮೇಲೆ ಅಕ್ಕಂದಿರಿಗೆ ಎಂದು ಹಿರಿತನದ ಪ್ರಕಾರ ಸಲಾಮು ಹೇಳಿ, ಎಲ್ಲರ ಯೋಗಕ್ಷೇಮ ಕೇಳಿ, ಖುದಾ ಹಾಫಿಜ್ ಅನ್ನುತ್ತಿದ್ದ. ಇಷ್ಟು ಜನರ ಮುಂದೆ ಹೆಂಡತಿಯ ಹೆಸರೆತ್ತುವುದು ಎಲ್ಲಾದರೂ ಉಂಟೆ. ಆದರೆ ಗೆಳೆಯರಿಬ್ಬರ ನಡುವೆ ಒಂದು ಕರಾರಿತ್ತು. ಖುದಾ ಹಾಫಿಜ್ ಆದ ಮೇಲೆ ಎರಡು ನಿಮಿಷ ಟೇಪು ಸುಮ್ಮನೆ ಓಡುತ್ತಿತ್ತು. ಮುಗಿಯಿತೆಂದು ಎಲ್ಲರೂ ಏಳುತ್ತಿದ್ದರು. ಜಾಫರಸಾಬ 'ಟೇಪು ಇಲ್ಲೇ ಇರ್ಲಿ ಭಾಬಿ, ನಾಳಿ ಒಯ್ತೇನಿ' ಎಂದು ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದ. ಆ ಎರಡು ನಿಮಿಷದ ಆಚೆಗೆ ಅರ್ಷದ ಮತ್ತೆ ಮಾತಾಡಿರುತ್ತಿದ್ದ, ಆಕೆಯೊಬ್ಬಳಿಗೇ. ಮನೆಯವರ ಸಂಗಡ ಉರ್ದು. ಆಕೆಯ ಸಂಗಡ ಕನ್ನಡ. ನರ್ಗೀಸ ಹುನಗುಂದದ ಕಡೆಯ ಹಳ್ಳಿಯಾಕೆ, ಆಕೆಗೆ ಅದೇ ಸಲೀಸು. ಅವಳು ದನಿ ಸಣ್ಣಗೆ ಮಾಡಿ, ಟೇಪಿಗೆ ಕಿವಿ ಹಚ್ಚಿ ಕೇಳುತ್ತಿದ್ದಳಂತೆ. ಉತ್ತರವನ್ನೂ ಹಾಗೆಯೇ ತುಂಬುತ್ತಿದ್ದಳು. ಊರಿಗೆಲ್ಲ ಗೊತ್ತಿಲ್ಲದ ಈ ಗುಟ್ಟಿನ ಕೀಲಿ ತನ್ನ ಕೈಯಲ್ಲಿದೆ ಎಂದು ಇಪ್ಪತ್ತೆರಡರ ಜಾಫರಸಾಬನಿಗೆ ಎದೆ ಉಬ್ಬುತ್ತಿತ್ತು.

ಕೀಲಿ ಇದ್ದವನು ಎಷ್ಟು ದಿನ ಬಾಗಿಲು ತೆರೆಯದೆ ಇದ್ದಾನು. ಮೊದಲ ಮೂರು ಕ್ಯಾಸೆಟ್ಟು ಅವನು ಕೇಳಲಿಲ್ಲ, ಅದು ಅಲ್ಲಾಹನಿಗೆ ಗೊತ್ತು. ನಾಲ್ಕನೆಯದು ಬಂದ ದಿನ ಶ್ರಾವಣದ ಮಧ್ಯಾಹ್ನ, ಗಿರಾಕಿ ಇರಲಿಲ್ಲ. ಟೇಪು ಸರಿ ಐತೋ ಇಲ್ಲೋ ನೋಡೋಣ ಎಂದು ತನಗೆ ತಾನೇ ಹೇಳಿಕೊಂಡ. ಎರಡು ನಿಮಿಷದ ಖಾಲಿ ದಾಟಿತು. ಆಮೇಲೆ ಬಂದ ಅರ್ಷದನ ದನಿ ಅವನು ಬಲ್ಲ ದನಿಯೇ ಅಲ್ಲ. ಕ್ರಿಕೆಟ್ಟಿನಲ್ಲಿ ಔಟಾದರೆ ಬ್ಯಾಟು ಬಿಸಾಡುವ, ತಾಯಿಗೂ ಒಂದು ನೆಟ್ಟಗಿನ ಮಾತು ಆಡದ ಅರ್ಷದ ಇಷ್ಟು ಮೆಲ್ಲಗೆ ಮಾತಾಡಬಲ್ಲನೆ? ಜಾಫರಸಾಬನಿಗೆ ಅಲ್ಲಿಯವರೆಗೆ ಯಾರೂ ಹಾಗೆ ಮಾತಾಡಿರಲಿಲ್ಲ. ಅವನೂ ಯಾರಿಗೂ ಆಡಿರಲಿಲ್ಲ. ನರ್ಗೀಸಳ ಮೇಲೆ ಕಣ್ಣಿತ್ತೆ ಎಂದು ಅವನು ತನ್ನನ್ನು ಎಷ್ಟೋ ಸಲ ಕೇಳಿಕೊಂಡಿದ್ದಾನೆ. ಇರಲಿಲ್ಲ. ಆಕೆಯ ಮುಖ ಕೂಡ ಸರಿಯಾಗಿ ನೋಡಿರಲಿಲ್ಲ. ಅವನಿಗೆ ಬೇಕಾದದ್ದು ಆ ಮಾತು. ಇನ್ನೊಮ್ಮೆ ಕೇಳಬೇಕೆಂದು ಹಿಂದಕ್ಕೆ ಓಡಿಸಿದ. ಕೇಳಿದ. ಮೂರನೆಯ ಸಲ ಹಿಂದಕ್ಕೆ ಓಡಿಸಿ ಗುಂಡಿ ಒತ್ತುವುದಕ್ಕೂ ಬಾಗಿಲಲ್ಲಿ ಕಾಶಪ್ಪನ ಸೈಕಲ್ಲಿನ ಗಂಟೆ ಆಗುವುದಕ್ಕೂ ಸರಿಹೋಯಿತು. ಗಡಿಬಿಡಿಯಲ್ಲಿ ಬೆರಳು ಜಾರಿತು. ದನಿ ಬರಲಿಲ್ಲ, ಸದ್ಯ, ಒತ್ತೇ ಇಲ್ಲ ಎಂದುಕೊಂಡ. ಕಾಶಪ್ಪ ಒಳಗೆ ಬಂದು ಸ್ಟೂಲಿನ ಮೇಲೆ ಕೂತು ಶೇಂಗಾ ಸುಲಿಯುತ್ತ ಸಿನಿಮಾದ ಮಾತು ತೆಗೆದ. ಇಬ್ಬರೂ ಹರಟಿದರು, ನಕ್ಕರು. ಎಷ್ಟೋ ಹೊತ್ತಿನ ಮೇಲೆ ಗಾಜಿನ ಹಿಂದೆ ಎರಡೂ ಚಕ್ರ ತಿರುಗುತ್ತಿರುವುದು ಕಣ್ಣಿಗೆ ಬಿತ್ತು. ರೆಕಾರ್ಡಿನ ಕೆಂಪು ಗುಂಡಿ ಒಳಗೆ ಕೂತಿತ್ತು. ಅದನ್ನು ಒತ್ತಿದರೆ ಪಕ್ಕದ ಗುಂಡಿಯೂ ತಾನಾಗಿ ಒಳಗೆ ಹೋಗುತ್ತಿತ್ತು. ಚಿಪ್ಪು ಮುರಿಯದ ಕ್ಯಾಸೆಟ್ಟು, ಕೊಟ್ಟದ್ದನ್ನೆಲ್ಲ ತುಂಬಿಕೊಂಡಿತ್ತು.

ಅವತ್ತು ಸಂಜೆ ಅವನು ಟೇಪು ಹೊತ್ತು ಅರ್ಷದನ ಮನೆಗೆ ಹೋದ. ಹಿರಿಯರ ಸಲಾಮು, ಯೋಗಕ್ಷೇಮ, ಖುದಾ ಹಾಫಿಜ್. ಎಲ್ಲರೂ ಎದ್ದರು. ಪರದೆಯ ಕೆಳಗೆ ನರ್ಗೀಸಳ ಪಾದಗಳು ಕಾಣುತ್ತಿದ್ದವು, ಅಡುಗೆಕಟ್ಟೆಯ ಮೇಲೆ ಟೇಪಿಗೆ ಜಾಗ ಮಾಡಿಟ್ಟಿದ್ದಳು. ಅವನು ವೈರು ಸುತ್ತುತ್ತ, ಕೆಳಗೆ ನೋಡುತ್ತ, 'ಈ ಸಲ ಮುಂದ ಏನೂ ಇಲ್ಲ ಭಾಬಿ' ಎಂದ. ಪಾದಗಳು ಹಾಗೇ ಇದ್ದವು. 'ನೋಡಿದ್ರೇನು?' ಎಂದಿತು ದನಿ. 'ನೋಡೇನ್ರಿ' ಎಂದ. ಸುಳ್ಳು ಹೇಳಲು ಅಷ್ಟು ಸಾಕಾಯಿತು. ಖರೆ ಹೇಳಿದ್ದರೆ ಏನಾಗುತ್ತಿತ್ತು? ನಿಮ್ಮ ಗಂಡನ ಮಾತು ಕದ್ದು ಕೇಳಿದೆ ಎನ್ನಬೇಕಿತ್ತು. ಓಣಿಯಲ್ಲಿ ಯಾರೂ ಅವನ ಕೈಗೆ ಮತ್ತೆ ಕ್ಯಾಸೆಟ್ಟು ಕೊಡುತ್ತಿರಲಿಲ್ಲ, ಅಷ್ಟೆ. ಅಷ್ಟಕ್ಕಾಗಿ. ವಾರದ ಮೇಲೆ ಉತ್ತರ ತುಂಬಿಸಲು ಹೋದಾಗ ಹಿರಿಯರದೆಲ್ಲ ಆದ ಮೇಲೆ ಟೇಪು ಅಡುಗೆಮನೆಗೆ ಒಯ್ಯಲು ಎತ್ತಿದ್ದ. 'ಒಯ್ರಿ. ನಂದೇನೂ ಇಲ್ಲ' ಎಂದಿದ್ದಳು ಆಕೆ. ಅವನಿಗೆ ಆಗ ಆದದ್ದು ದುಃಖವಲ್ಲ. ಟೇಪು ಆಕೆಯ ಕೈಗೆ ಸಿಕ್ಕರೆ ಮಗ್ಗಲು ತಿರುವಿ ಕೇಳಿಬಿಡುತ್ತಾಳೆಂಬ ಅಂಜಿಕೆ ಇತ್ತಲ್ಲ, ಅದು ಹೋಗಿ ಹಗುರಾದ. ತಾನು ಹಗುರಾದದ್ದೇ ಅವನಿಗೆ ಈಗ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತದೆ. ಕ್ಯಾಸೆಟ್ಟು ದಮ್ಮಾಮಿಗೆ ಹೋಯಿತು. ತಿಂಗಳೊಪ್ಪತ್ತಿನಲ್ಲಿ ಅರ್ಷದನ ಲಾರಿ ಹೆದ್ದಾರಿಯಲ್ಲಿ ಮಗುಚಿತು. ಮಣ್ಣು ಅಲ್ಲೇ ಆಯಿತು. ಒಂದು ಚೀಲದಲ್ಲಿ ಎರಡು ಅಂಗಿ, ಗಡಿಯಾರ, ಈ ಕ್ಯಾಸೆಟ್ಟು ಊರಿಗೆ ಬಂದವು. ಆಮೇಲೆ ನರ್ಗೀಸ ಕೂಸನ್ನು ಎತ್ತಿಕೊಂಡು ಇಳಕಲ್ಲಿಗೆ ಹೋಗಿ, ಸೀರೆ ಮಗ್ಗದವರಿಗೆ ನೂಲು ಸುತ್ತಿಕೊಟ್ಟು ಮಗಳನ್ನು ಓದಿಸಿದಳೆಂದು ಕೇಳಿದ್ದ. ಊರು ಮುಳುಗಿತು. ಎಲ್ಲರೂ ನವನಗರದ ಸೆಕ್ಟರುಗಳಲ್ಲಿ ಚದುರಿದರು. ನೀರು ಏರಿದ ವರ್ಷ ಅವನು ದಂಡೆಗೆ ನಿಂತು, ಅಂಗಡಿ ಮುಳುಗುವುದನ್ನು ನೋಡಿ ಅಳದೇ ಬಂದಿದ್ದ. ಎಲ್ಲರೂ ಗಟ್ಟಿ ಮನಸ್ಸಿನವನು ಎಂದರು.

ಹನ್ನೊಂದಕ್ಕೆ ಕಾಶಪ್ಪನ ಫೋನು ಬಂತು. 'ಲೇ ಜಾಫರ್ಯಾ, ಗ್ರೂಪಿನ್ಯಾಗ ಯಾಕ ಬಾಯಿ ಬಿಡವಲ್ಲಿ? ಎಲ್ಲಾರೂ ಕ್ಯಾಸೆಟ್ ಜಾಫರ ಎಲ್ಲಿ ಅಂತ ಕೇಳಾಕತ್ತಾರ. ನಿನ್ನ ಹತ್ರ ಹಳೇ ಊರಿನ ಸಪ್ಪಳ ಏನರ ಉಳದೈತೇನಲೇ? ಬಜಾರಿಂದು, ಟಾಂಗಾದ್ದು? ಫೋಟೋ ಅದಾವ, ಸಪ್ಪಳ ಯಾರ ಹತ್ರಾನೂ ಇಲ್ಲ.' ಇಲ್ಲಪ್ಪ ಎಂದ ಜಾಫರಸಾಬ. ಕಾಶಪ್ಪ ಉಸಿರು ಬಿಟ್ಟ. 'ಎಂಥಾ ದಿನಾ ಇದ್ವಲೇ ಅವು. ಒಬ್ಬರ ಮನಿ ಮಾತು ಇನ್ನೊಬ್ಬರ ಹೊಟ್ಯಾಗ ಇರ್ತಿತ್ತು. ಈಗ ನೋಡು, ಮುಂಜಾನಿ ಏನ್ ತಿಂದ್ರು ಅನ್ನೂದೂ ಸ್ಟೇಟಸ್ಸಿನ್ಯಾಗ.' ಜಾಫರಸಾಬ ಕೇಳಿದ: 'ಕಾಶ್ಯಾ, ಅರ್ಷದ ಹೋಗೂ ಮೊದ್ಲ, ಶ್ರಾವಣದಾಗ ಒಂದಿನ ಮಧ್ಯಾಹ್ನ ನೀ ನನ್ನ ಅಂಗಡಿಗೆ ಬಂದಿದ್ದಿ. ನೆನಪೈತಿ?' 'ದಿನಾ ಬರ್ತಿದ್ನಲ್ಲಲೇ' ಎಂದು ನಕ್ಕ ಕಾಶಪ್ಪ. ಹೌದು, ದಿನಾ ಬರುತ್ತಿದ್ದ. ಅವನಿಗೆ ಅದು ದಿನಾ ಬಂದ ದಿನಗಳಲ್ಲಿ ಒಂದು. ಫೋನು ಇಟ್ಟ ಮೇಲೆ ಜಾಫರಸಾಬ ಕೊನೆಗೂ ಕ್ಯಾಸೆಟ್ಟನ್ನು ಕೈಗೆತ್ತಿಕೊಂಡ. ಒಳಗಿನ ಪಟ್ಟಿಗೆ ಬೂಸಲು ಹಿಡಿದಿದೆ ಎಂದರೆ ಮುಗಿಯಿತು. ಕಿರುಬೆರಳು ತೂರಿಸಿ ಎರಡು ಗೇಣು ಎಳೆದು ಜಜ್ಜಿದರೆ, ಹುಡುಗಿ ಏನು ಬಲ್ಲಳು, ಹಳೇದು ಚಾಚಾ ಪಾಪ ಎಷ್ಟು ಪ್ರಯತ್ನ ಮಾಡಿದರು ಎನ್ನುತ್ತಾಳೆ. ಆದರೆ ಅಪ್ಪನ ಸಲಾಮೂ ಹೋಗುತ್ತದೆ. ಒಮ್ಮೆ ಅಳಿಸಿದವನು ಇನ್ನೊಮ್ಮೆ ಅಳಿಸುವುದೆ? ಬೆರಳು ತೂರಿಸಿದ, ತೆಗೆದ. ಮತ್ತೆ ತೂರಿಸಿದ. ಅಷ್ಟರಲ್ಲಿ ಯಾರೋ ಆಧಾರ್ ಕಾರ್ಡಿನ ಝೆರಾಕ್ಸಿಗೆ ಬಂದರು.

ತಾಯಿ ಮಗಳು ಬಂದಾಗ ಎರಡೂವರೆ. ನರ್ಗೀಸ ಬುರ್ಖಾದ ಮುಸುಕು ಹಿಂದೆ ಸರಿಸಿ ಕುರ್ಚಿಯ ತುದಿಗೆ ಕೂತಳು. ಆ ಮುಖವನ್ನು ಅವನು ನೆಟ್ಟಗೆ ನೋಡಿದ್ದು ಅದೇ ಮೊದಲು. ನೂಲು ಸುತ್ತಿ ಸುತ್ತಿ ಬಲಗೈ ತೋರುಬೆರಳಿನಲ್ಲಿ ಗೆರೆ ಬಿದ್ದಿತ್ತು. ರಂಜಾನಬಿ ಒಳಗಿನಿಂದ ನೀರು ತಂದುಕೊಟ್ಟು, 'ಬಸ್ಸು ರಶ್ ಇತ್ತೇನ್ರಿ?' ಎಂದು ಮಾತಾಡಿಸಿ, ಚಹಾ ಇಡಲು ಹೋದಳು. ಅವನು ಟೇಪಿನ ಬಟ್ಟೆ ತೆಗೆದ. ಖುಶನುಮಾ ಮೊಬೈಲನ್ನು ಅದರ ಮುಂದಿಟ್ಟು ರೆಕಾರ್ಡಿಗೆ ಹಚ್ಚಲು ಸಿದ್ಧ ಮಾಡುತ್ತಿದ್ದಳು.

'ಇದನ್ನ ನಾ ಒಮ್ಮೆನೂ ಹಚ್ಚಿಸಿ ಕೇಳಿಲ್ಲ, ಜಾಫರಭಾಯ್' ಎಂದಳು ನರ್ಗೀಸ. 'ಸಂದೂಕಿನ ತಳದಾಗ ಇತ್ತು. ಅದರಾಗ ನನಗೇನೂ ಇಲ್ಲಂತ ಗೊತ್ತಿತ್ತಲ್ಲ.'

ಅವನು ಕ್ಯಾಸೆಟ್ಟನ್ನು ಟೇಪಿನೊಳಗೆ ಕೂರಿಸಿದ.

'ಈಕಿ ಕೇಳ್ತಿರ್ತಾಳ, ಅಬ್ಬಾಗ ನಾ ಹುಟ್ಟೂದು ಗೊತ್ತಿತ್ತೇನು ಅಂತ. ಗೊತ್ತಿತ್ತು, ಭಾಳ ಖುಷಿ ಆಗಿದ್ದ ಅಂತ ಸುಳ್ಳ ಹೇಳ್ತಿದ್ನಿ. ನಿನ್ನಿ ರಾತ್ರಿ ಖರೇದ ಹೇಳೇನಿ. ಇನ್ನ ಕೇಳ್ತಾಳಲ್ಲ, ತಾನ ತಿಳಕೊಳ್ಳೂದಕಿಂತ ನಾನ ಹೇಳೂದು ಛಲೋ.' ಆಕೆ ಕರವಸ್ತ್ರವನ್ನು ಮಡಿಚಿದಳು. 'ಅವ ಎರಡನೇ ರಜೆ ಮುಗಿಸಿ ಹೋದಮ್ಯಾಲೆ ನಾ ಬಸುರಿ ಅಂತ ನನಗ ತಿಳೀತು. ಮೂರ ತಿಂಗಳು ತುಂಬೂತನಾ ಹಿರ್ಯಾರು ಬಾಯಿ ಬಿಡಂಗಿರಲಿಲ್ಲ, ಯಾರದರ ಕೆಟ್ಟ ನದರ ಆಗ್ತೈತಿ ಅಂತ. ನಾನ ಹೇಳಬೇಕಿತ್ತು, ಆ ಉತ್ತರದಾಗ. ಅವ ನನಗ ಒಂದ ಮಾತೂ ಕಳಿಸಿಲ್ಲ, ನಾ ಯಾಕ ಹೇಳ್ಲಿ ಅಂತ ಸಿಟ್ಟ ಮಾಡಿದ್ನಿ. ಹತ್ತೊಂಬತ್ತ ವರ್ಷದಾಕಿ. ಮುಂದಿನ ಕ್ಯಾಸೆಟ್ಟಿಗೆ ಹೇಳಿದ್ರಾತು ಅಂದ್ನಿ.'

ಜಾಫರಸಾಬನ ಕೈ ಟೇಪಿನ ಮೇಲೆ ಹಾಗೇ ನಿಂತಿತು. ಇದು ಅವನಿಗೆ ಗೊತ್ತಿರಲಿಲ್ಲ. ಮೂವತ್ಮೂರು ವರ್ಷ ಅವನು ತನ್ನ ತಪ್ಪನ್ನು ಮನಸ್ಸಿನಲ್ಲಿ ಅಳೆದೂ ಅಳೆದೂ ಅದಕ್ಕೊಂದು ಗಾತ್ರ ಗೊತ್ತು ಮಾಡಿಕೊಂಡಿದ್ದ: ಒಬ್ಬ ಹೆಂಗಸಿಗೆ ಸಲ್ಲಬೇಕಾದ ನಾಲ್ಕು ನಿಮಿಷ. ಈಗ ನೋಡಿದರೆ ಎದುರಿಗೆ ಕುಳಿತ ಈ ಹುಡುಗಿ, ಅಪ್ಪನಿಗೆ ಗೊತ್ತೇ ಇಲ್ಲದ ಹುಡುಗಿ, ಆ ಗಾತ್ರದೊಳಗೆ ಹಿಡಿಸುತ್ತಿರಲಿಲ್ಲ. ಅಂದು ಗುಂಡಿ ಒತ್ತಿದ್ದು ಕೈತಪ್ಪು. ಇಲ್ಲ ಎಂದದ್ದು ಕೈತಪ್ಪಲ್ಲ. 'ಹಚ್ರಿ ಚಾಚಾ' ಎಂದಳು ಖುಶನುಮಾ. ಅವನು ಒತ್ತಿದ.

ಮೊದಲು ಸರಸರ ಸದ್ದು. ಆಮೇಲೆ ಕೋಣೆಯೊಳಗೆ ಅರ್ಷದ ಬಂದ. ಅಬ್ಬಾಜಾನ್ ಅಸ್ಸಲಾಮು ಅಲೈಕುಂ ಎಂದ. ಖುಶನುಮಾ ಬಾಯಿಗೆ ಸೆರಗು ಹಚ್ಚಿಕೊಂಡಳು. ಆ ದನಿ ಅವಳಿಗಿಂತ ಎಳೆಯದು. ಮೂವತ್ತೆರಡರ ಮಗಳು ಇಪ್ಪತ್ತಮೂರರ ಅಪ್ಪನ ಮಾತು ಕೇಳುತ್ತಿದ್ದಳು. ಅಕ್ಕಂದಿರಿಗೆ ಸಲಾಮಾಯಿತು, ಮನೆಯ ಆಡಿನ ಯೋಗಕ್ಷೇಮವೂ ಆಯಿತು, ಅದಕ್ಕೆ ಹುಡುಗಿ ಅಳುತ್ತಲೇ ನಕ್ಕಳು. ಖುದಾ ಹಾಫಿಜ್. ಸದ್ದು ನಿಂತಿತು. ಜಾಫರಸಾಬನ ಬೆರಳು ನಿಲ್ಲಿಸುವ ಗುಂಡಿಯ ಮೇಲಿತ್ತು. ಬೆರಳಿಗೇನು, ಅದಕ್ಕೆ ದಾರಿ ಗೊತ್ತು. 'ಇಷ್ಟೇ…' ಎಂಬ ಮಾತು ಬಾಯಿಗೆ ಬಂದಿತ್ತು. ಖುಶನುಮಾ, 'ಓಡ್ಲಿ ಬಿಡ್ರಿ ಚಾಚಾ, ಖಾಲಿ ಇದ್ರೂ ಇರ್ಲಿ, ಅಬ್ಬಾ ಕುಂತಿದ್ದ ಖೋಲಿದು ಸಪ್ಪಳ ಇರ್ತೈತಲ್ಲ' ಎಂದಳು. ಅವನು ಬೆರಳು ತೆಗೆದ. ತೆಗೆದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ.

ಎರಡು ನಿಮಿಷ ಎಷ್ಟು ಉದ್ದ. ಆಮೇಲೆ ಟಕ್ ಎಂದಿತು. ಸೈಕಲ್ಲಿನ ಗಂಟೆ. ಟಾಂಗಾದ ಕುದುರೆಯ ಗೊರಸು ಕಲ್ಲುಹಾಸಿನ ಮೇಲೆ ಹೋಯಿತು. ದೂರದಲ್ಲಿ ಯಾರೋ ಹೆಣ್ಣುಮಗಳು ಬಾಳೆಹಣ್ಣು ಕೂಗುತ್ತಿದ್ದಳು. ಒಂದು ದನಿ, ತೆಳ್ಳಗೆ, ಚುರುಕಾಗಿ: 'ಲೇ ಜಾಫರ್ಯಾ, ಒಬ್ಬಾವನ ಏನ್ ಕೇಳಾಕತ್ತೀಲೇ?' ಇನ್ನೊಂದು ದನಿ: 'ಏನಿಲ್ಲಲೇ. ಖಾಲಿ ಕ್ಯಾಸೆಟ್.' ಶೇಂಗಾ ಸುಲಿಯುವ ಸದ್ದು. ಮ್ಯಾಟನಿಗೆ ಬರ್ತೀಯೇನು. ಹಿಂದಿನ ಗಾಲಿ ಗಾಳಿ ಹೋಗೇತಿ. ನನ್ನ ಸೈಕಲ್ಲಿಗೆ ಡಬಲ್ ಸೀಟ್ ಬಾ. ಇಂಟರ್‌ವಲ್ಲಿನ್ಯಾಗ ಚಹಾ ನಿಂದು. ನಗು. ಎಂಥ ನಗು ಅದು, ಯಾವ ಭಾರವೂ ಇಲ್ಲದ್ದು. ಕಾಶಪ್ಪ ಇಷ್ಟು ದಿನ ಹುಡುಕುತ್ತಿದ್ದ ಊರು, ಬಜಾರು, ಹರೆಯ ಎಲ್ಲವೂ ಆ ನಾಲ್ಕು ನಿಮಿಷದಲ್ಲಿ ಕೆಡದೆ ಕೂತಿತ್ತು. ಜಾಫರಸಾಬ ತನ್ನ ನಗುವನ್ನು ಕೇಳುತ್ತ ಕುಳಿತ. ಹಾಗೆ ನಗುತ್ತಿದ್ದ ಆ ಇಪ್ಪತ್ತೆರಡರ ಹುಡುಗನನ್ನು ಹಿಡಿದು ಎರಡು ಬಾರಿಸಬೇಕೆನಿಸಿತು. ಅವನ ಸಂಗಡ ಸಿನಿಮಾಕ್ಕೆ ಹೋಗಬೇಕೆಂದೂ ಅನಿಸಿತು, ಅದೇ ನಾಚಿಕೆ. ಥಟ್ಟನೆ ನಗು ಕತ್ತರಿಸಿತು. ಅದರ ಬೆನ್ನಿಗೇ, ನಡು ಮಾತಿನಿಂದ, ಮೆಲ್ಲಗೆ, ಕನ್ನಡದಲ್ಲಿ, ಅರ್ಷದ: '…ನನ್ನ ಆಣಿ ಐತಿ ನಿನಗ. ತಪ್ಪಬ್ಯಾಡ, ನರ್ಗೂ.' ಪಟ್ಟಿ ತುದಿಗೆ ಬಂದು ಗುಂಡಿ ತಾನಾಗಿ ಮೇಲೆ ಹಾರಿತು.

ಖುಶನುಮಾ ಇಬ್ಬರ ಮುಖ ನೋಡಿದಳು. ಅವಳಿಗೆ ಅರ್ಥವಾಗಿರಲಿಲ್ಲ, ನರ್ಗೀಸಳಿಗೆ ಆಗಿತ್ತು. ಆಕೆ ಸಿಟ್ಟಾಗುತ್ತಾಳೆ, ಅಳುತ್ತಾಳೆ ಎಂದು ಅವನು ಕಾದ.

'ನಾ ಕೇಳಿದ್ನಿ ಭಾಬಿ, ಕದ್ದು' ಎಂದ. 'ಕೇಳೂವಾಗ ಅಳಸಿಬಿಟ್ಟೆ. ಆಮ್ಯಾಲೆ ಏನೂ ಇಲ್ಲಂತ ಹೇಳಿದ್ನಿ.'

'ಏನಂತ ಆಣಿ ಹಾಕಿದ್ದ?' ಎಂದಳು ನರ್ಗೀಸ. ಅವನ ತಪ್ಪೊಪ್ಪಿಗೆಯನ್ನು ಆಕೆ ಕೇಳಿಸಿಕೊಂಡಂತೆಯೇ ಇರಲಿಲ್ಲ. 'ತಪ್ಪಬ್ಯಾಡ ಅಂದಾನ. ಏನ ತಪ್ಪಬ್ಯಾಡ? ನಾ ಏನ ಮಾಡಬೇಕಿತ್ತು, ಜಾಫರಭಾಯ್?'

ಆ ಮಾತು ಕೇಳಿದವರು ಲೋಕದಲ್ಲಿ ಈಗ ಅವನೊಬ್ಬನೇ. ಹಾಗೆ ಅಂದುಕೊಂಡ ಕೂಡಲೇ ಅಡುಗೆಮನೆಯಲ್ಲಿ ಕಪ್ಪುಬಸಿಗಳ ಸದ್ದು ಕೇಳಿಸಿತು. ರಂಜಾನಬಿ ಚಹಾ ಸೋಸುತ್ತಿದ್ದಳು. ಅವನೊಬ್ಬನೇ ಅಲ್ಲ. ಅರ್ಷದ ಸತ್ತ ಮೂರು ವರ್ಷಕ್ಕೆ ಅವನ ಮದುವೆಯಾಗಿತ್ತು. ಹೊಸ ಹೆಂಡತಿಯ ಸಂಗಡ ಎರಡು ತಿಂಗಳು ನೆಟ್ಟಗೆ ನಾಲಿಗೆ ಹೊರಳಿರಲಿಲ್ಲ. ಒಂದು ದಿನ ನಸುಕಿನಲ್ಲಿ, ಏನು ಹೇಳಲೂ ಬಾರದೆ, ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಅರ್ಷದನ ಮಾತುಗಳನ್ನೇ ತನ್ನವೆಂಬಂತೆ ಒಂದೊಂದಾಗಿ ಆಕೆಗೆ ಹೇಳಿದ್ದ. ಆಕೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಅತ್ತಿದ್ದಳು, ಖುಷಿಗೆ. ಆಮೇಲೆ ಅಂಥ ಮಾತು ಅವನ ಬಾಯಿಂದ ಮತ್ತೊಂದು ಬರಲಿಲ್ಲ. ಆಕೆಯೂ ಮತ್ತೊಂದು ಬೇಡಲಿಲ್ಲ. ಈಗ ನರ್ಗೀಸಳಿಗೆ ಕೊಡಬೇಕೆಂದರೆ ರಂಜಾನಬಿಯಿಂದ ಕಸಿಯಬೇಕು. ಸುಳ್ಳು ಹೇಳಬಹುದಿತ್ತು, ಮಗು ಹುಟ್ಟಿದರೆ ಹೀಗೆ ಮಾಡು ಎಂದಿದ್ದ ಎನ್ನಬಹುದಿತ್ತು. ನರ್ಗೀಸ ಕುರ್ಚಿಯ ತುದಿಯಲ್ಲಿ ಕಾಯುತ್ತಿದ್ದಳು.

'ನೀ ರೊಟ್ಟಿ ಬಡಿಯೂ ಸಪ್ಪಳಕ್ಕ ದಿನಾ ಎಚ್ಚರ ಆಗ್ತಿತ್ತು ಅಂದಿದ್ದ' ಎಂದು ಶುರು ಮಾಡಿದ. 'ಎಚ್ಚರಾದ್ರೂ ಕಣ್ಣ ಮುಚ್ಕೊಂಡ ಮಲಗಿರ್ತಿದ್ನಿ, ನಿನಗ ಗೊತ್ತಿಲ್ಲ ಅಂದಿದ್ದ. ನಡುವ ಒಮ್ಮೊಮ್ಮೆ ನೀ ಬಡಿಯೂದ ನಿಲ್ಲಸ್ತಿದ್ದಿ, ಆಗ ಕಣ್ಣ ತೆರದ ನೋಡ್ತಿದ್ನಿ, ನೀ ಒಲಿ ಊದತಿರ್ತಿದ್ದಿ ಅಂದಿದ್ದ.' ಅಡುಗೆಮನೆಯ ಸದ್ದು ನಿಂತಿತು. ಅವನಿಗೆ ಬೆನ್ನಿನಿಂದಲೇ ಗೊತ್ತಾಯಿತು, ರಂಜಾನಬಿ ಬಾಗಿಲಲ್ಲಿ ನಿಂತಿದ್ದಾಳೆ. ಅವನು ತಿರುಗಲಿಲ್ಲ, ನಿಲ್ಲಿಸಲೂ ಇಲ್ಲ. 'ಇಲ್ಲಿ ಯಾರೂ ರೊಟ್ಟಿ ಬಡಿಯಂಗಿಲ್ಲ, ನನಗ ಬೆಳಗ ಆಗಿದ್ದ ತಿಳಿಯಂಗಿಲ್ಲ ಅಂದಿದ್ದ.'

ನರ್ಗೀಸಳ ಕಣ್ಣು ತುಂಬಿ ಕೆನ್ನೆಯ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ. 'ಆಣಿ?' ಎಂದಳು.

ಅವನು ಬಾಯಿ ತೆರೆದ. ಇರಲಿಲ್ಲ. ಎಲ್ಲ ಇತ್ತು, ಅದೊಂದು ಇರಲಿಲ್ಲ. ಟಾಂಗಾ ನೆನಪಿತ್ತು, ಶೇಂಗಾ ನೆನಪಿತ್ತು. ತಡಕಾಡಿದ. ಹಣೆಗೆ ಕೈ ಹಚ್ಚಿದ. 'ನೆನಪಿಲ್ಲ ಭಾಬಿ. ಅಲ್ಲಾನ ಆಣಿ, ನೆನಪ ಆಗವಲ್ತು' ಎಂದ.

ರಂಜಾನಬಿ ಒಳಗೆ ಬಂದಳು. ತಟ್ಟೆಯನ್ನು ಝೆರಾಕ್ಸ್ ಯಂತ್ರದ ಮೇಲಿಟ್ಟಳು, ಚಹಾ ಚೆಲ್ಲಿರಲಿಲ್ಲ. ಗಂಡನ ಕಡೆ ನೋಡದೆ ಅವನನ್ನು ದಾಟಿ ಹೋಗಿ ನರ್ಗೀಸಳ ಮುಂದೆ ನೆಲದ ಮೇಲೆ ಕುಳಿತಳು.

'ಎಲ್ಲಾರದೂ ಊಟ ಆದಮ್ಯಾಲೆ ಆರಿದ್ದ ರೊಟ್ಟಿ ತಿನಬ್ಯಾಡ' ಎಂದಳು. ಪಾಠ ಒಪ್ಪಿಸುವವರ ಹಾಗೆ, ಒಂದಕ್ಷರ ತಪ್ಪದೆ ಹೇಳಿದಳು. 'ಹಂಚಿನ ಮ್ಯಾಲಿಂದ ಇಳಿಸಿದ್ದು ಮೊದಲನೇ ರೊಟ್ಟಿ, ಬಿಸಿದು, ನೀ ತಿನ್ನು. ಆಮ್ಯಾಲೆ ಮಂದಿಗೆ ನೀಡು. ಯಾರೇನ ಅಂದ್ರೂ ಅನ್ಲಿ. ನನ್ನ ಆಣಿ ಐತಿ ನಿನಗ. ತಪ್ಪಬ್ಯಾಡ.'

ನರ್ಗೀಸ ಆಕೆಯನ್ನೇ ನೋಡಿದಳು. 'ನಿಮಗ ಹ್ಯಾಂಗ ಗೊತ್ತು, ಆಪಾ?'

'ಮೂವತ್ತ ವರ್ಷಾತ್ರಿ' ಎಂದಳು ರಂಜಾನಬಿ. 'ಒಂದ ದಿನಾನೂ ತಪ್ಪಿಸಿಲ್ಲ. ನಾ ತಿಂದೇನಿ.'